ನಾಟಿ ಕೋಳಿ ಕಾವಿಗೆ ಕೂರ್ತಾನೇ ಇಲ್ಲ, ಮರಿ ಮಾಡ್ಸೋಕೆ ಏನ್ ಮಾಡ್ಬೇಕು?

ಹಿತ್ತಲಮನೆ (ಅರಕಲಗೂಡು ಕಡೆ)

ಎಲ್ರಿಗೂ ನಮಸ್ಕಾರ. ಮನೆ ಹಿಂದೆ ಹಿತ್ತಲಲ್ಲಿ ಎಂಟು ಹೇಂಟೆ ಒಂದು ಹುಂಜ ಸಾಕಿದೀವಿ, ಅದ್ರಲ್ಲಿ ನಾಲ್ಕು ಗಿರಿರಾಜ ತಳಿ, ಇನ್ನು ನಾಲ್ಕು ಸಂತೇಲಿ ತಂದ ನಾಟಿ, ಹುಂಜಾನೂ ನಾಟೀನೇ. ಮೊಟ್ಟೆಗೆ ಏನೂ ಕಮ್ಮಿ ಇಲ್ಲ, ಎಲ್ಲಾ ಚೆನ್ನಾಗೇ ಇಡ್ತಾವೆ, ಆದ್ರೆ ಒಂದಾದ್ರೂ ಕಾವಿಗೆ ಕೂರ್ಬೇಕಲ್ಲ, ಕೂರ್ತಾನೇ ಇಲ್ಲ. ನಮ್ಮ ಅತ್ತೆ ಹೇಳ್ತಾರೆ ಅವರ ಕಾಲದಲ್ಲಿ ಯಾರೂ ಏನೂ ಮಾಡ್ತಿರಲಿಲ್ವಂತೆ, ಕೋಳಿ ಕಾಣೆ ಆಯ್ತು ಕೀರ (ಮುಂಗುಸಿ) ಹಿಡೀತೇನೋ ಅಂತ ಬಿಟ್ಬಿಡ್ತಿದ್ರಂತೆ, ಆಮೇಲೆ ಒಂದಿನ ಹುಲ್ಲಿನ ಮೆದೆ ಸಂದಿಯಿಂದ ಮರಿಗಳನ್ನ ಕರ್ಕೊಂಡು ಅಂಗಳಕ್ಕೆ ಬರ್ತಿತ್ತಂತೆ.

ನಮ್ಮ ಗೂಡು ಶೀಟ್ ಹಾಕಿರೋದು, ಮುಂದೆ ಜಾಲರಿ, ಒಳಗೆ ಟೊಮೇಟೊ ಕ್ರೇಟಲ್ಲಿ ಹುಲ್ಲು ಹಾಕಿಟ್ಟಿದೀನಿ, ಅದ್ರಲ್ಲೇ ಎಲ್ಲಾ ಕೋಳಿ ಬಂದು ಮೊಟ್ಟೆ ಇಡ್ತಾವೆ. ಬೆಳಿಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಮೊಟ್ಟೆ ತಗೊಂಡ್ಬಿಡ್ತೀನಿ, ಇಲ್ಲಾಂದ್ರೆ ಕಾಗೆ ಬಂದು ಕುಕ್ಕುತ್ತೆ. ಊರಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಮಂಕರಿ ಮುಚ್ಚಿ ನಾಲ್ಕು ದಿನ ಕತ್ತಲಲ್ಲಿ ಮೊಟ್ಟೆ ಮೇಲೆ ಕೂರ್ಸಿದ್ರೆ ತಾನೇ ಕಾವಿಗೆ ಬರುತ್ತೆ ಅಂತಾರೆ ಒಬ್ರು, ಎಳ್ಳು ಹುರಿದು ಹಾಕಿ ಮೈ ಉಷ್ಣ ಆಗ್ಬೇಕು ಅಂತಾರೆ ಇನ್ನೊಬ್ರು. ಇದು ನಿಜಾನಾ? ಮಿಷನ್ನು ಬೇಡ, ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತೆ ಯಾವಾಗ ಬರುತ್ತೆ ಗೊತ್ತಾಗಲ್ಲ, ಜೊತೆಗೆ ಕೋಳೀನೇ ಮರಿ ಸಾಕೋದು ನೋಡ್ಬೇಕು ಅಂತ ಮಕ್ಕಳಿಗೂ ಆಸೆ. ಗೊತ್ತಿರೋರು ವಿವರವಾಗಿ ಹೇಳಿ, ದೀಪಾವಳಿ ಮುಗೀತು, ಈಗ ಮರಿ ಮಾಡ್ಸೋಕೆ ಒಳ್ಳೆ ಟೈಮು ಅಂತ ಎಲ್ಲಾ ಹೇಳ್ತಿದಾರೆ.

ಮಲ್ನಾಡ್ ಒಡ್ಡಿ

ಅಕ್ಕ ನೀವು ಬರ್ದಿರೋದ್ರಲ್ಲೇ ಎರಡು ಕಾರಣ ಕಾಣ್ತಿದೆ ನೋಡಿ.

ಮೊದಲನೇದು ಜಾತಿ. ಗಿರಿರಾಜದ ಆಸೆ ಬಿಟ್ಬಿಡಿ, ಅದು ಕಾವಿಗೆ ಕೂರೋ ಕೋಳಿ ಅಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ತಳಿ ಅದು, ಹಿತ್ತಲಲ್ಲಿ ಮೇಯ್ಕೊಂಡು ಬದುಕ್ಬೇಕು, ಮಾಂಸಾನೂ ಬರ್ಬೇಕು ಮೊಟ್ಟೇನೂ ಬರ್ಬೇಕು ಅಂತ. ಆಮೇಲೆ ಬಂದ ಸ್ವರ್ಣಧಾರಾನೂ ಅಷ್ಟೇ, ಹೆಸರಘಟ್ಟದ ಕಾವೇರೀನೂ ಅಷ್ಟೇ. ಕೋಳಿ ಕಾವಿಗೆ ಕೂತ್ರೆ ಮೊಟ್ಟೆ ನಿಲ್ಲುತ್ತೆ, ಅದಕ್ಕೇ ಮೊಟ್ಟೆಗೋಸ್ಕರ ತಳಿ ಮಾಡೋರು ತಲೆಮಾರಿಂದ ತಲೆಮಾರಿಗೆ ಕಾವು ಕೂರದ ಕೋಳೀನೇ ಆರಿಸ್ಕೊಂಡು ಬಂದ್ರು. ಎಲ್ಲೋ ಒಂದು ಗಿರಿರಾಜ ಕೂತಿದ್ದು ನೋಡಿದೀನಿ ಅನ್ನೋರಿದಾರೆ, ಇರಬಹುದು, ಆದ್ರೆ ಅಂಥವು ಅರ್ಧಕ್ಕೇ ಎದ್ದು ಹೋಗಿಬಿಟ್ರೆ ಒಳಗಿರೋ ಮರಿ ಎಲ್ಲಾ ಸತ್ತಂಗೆ. ನಿಮ್ಮ ಹತ್ರ ನಾಲ್ಕು ನಾಟಿ ಇದೆಯಲ್ಲ, ಅದು ಸಾಕು. ನಾಟಿ ಹೇಂಟೆ ಒಂದು ಸುತ್ತು ಹನ್ನೆರಡೋ ಹದಿನೈದೋ ಮೊಟ್ಟೆ ಇಡುತ್ತೆ, ಆಮೇಲೆ ಕಾವಿಗೆ ಬರುತ್ತೆ, ಅದು ಅದರ ರಕ್ತದಲ್ಲೇ ಇರೋದು.

ಎರಡನೇದು ನೀವು ಮೊಟ್ಟೆ ತೆಗೆಯೋದು. ಕೋಳಿ ತಿರುಗಿ ಬಂದು ನೋಡಿದಾಗೆಲ್ಲ ಗೂಡು ಖಾಲಿ ಇದ್ರೆ ಇನ್ನೂ ಇಡ್ಬೇಕು ಅಂತ ಇಡ್ತಾನೇ ಹೋಗುತ್ತೆ. ಗೂಡಲ್ಲಿ ಮೊಟ್ಟೆ ಗುಡ್ಡೆ ಆಗೋದು ಕಣ್ಣಿಗೆ ಕಾಣ್ಬೇಕು, ಎದೆಗೆ ತಾಗ್ಬೇಕು, ಆವಾಗ್ಲೇ ಅದು ಕೂರೋ ಮನಸ್ಸು ಮಾಡೋದು. ಹಂಗಂತ ಒಳ್ಳೆ ಮೊಟ್ಟೆ ಎಲ್ಲಾ ಅಲ್ಲೇ ಬಿಡ್ಬೇಡಿ, ಹಳೇದಾಗಿ ಕೆಡ್ತವೆ. ಐದಾರು ಮೊಟ್ಟೆಗೆ ಪೆನ್ಸಿಲಲ್ಲಿ ಗುರುತು ಹಾಕಿ ಗೂಡಲ್ಲೇ ಬಿಡಿ, ಆಮೇಲೆ ಹೊಸದಾಗಿ ಇಟ್ಟಿದ್ದನ್ನ ಮಾತ್ರ ಎತ್ಕೊಳ್ಳಿ. ಗುರುತು ಹಾಕಿದ್ದು ಮರಿಗಲ್ಲ, ಕೋಳಿ ಕಣ್ಣಿಗೆ ತೋರ್ಸೋಕೆ ಅಷ್ಟೇ. ಆಟದ ಪ್ಲಾಸ್ಟಿಕ್ ಮೊಟ್ಟೆ, ಮರದ್ದು, ಇಲ್ಲ ಬಿಳೀ ಪಿಂಗ್‌ಪಾಂಗ್ ಚೆಂಡೂ ನಡೆಯುತ್ತೆ, ಆದ್ರೆ ಚೆಂಡು ತುಂಬಾ ಹಗುರ, ಒಳಗೆ ಮರಳು ತುಂಬಿ ಅಂಟಿಸ್ಕೊಂಡ್ರೆ ಒಳ್ಳೇದು.

ಮತ್ತೆ ಆ ಕ್ರೇಟು. ಎಂಟು ಕೋಳಿ ಒಂದೇ ಕ್ರೇಟಿಗೆ ಬಂದು ಇಡೋ ಜಾಗದಲ್ಲಿ ಯಾವ ಕೋಳಿಗೂ ನೆಮ್ಮದಿಯಾಗಿ ಕೂರೋಕೆ ಆಗಲ್ಲ, ಒಂದು ಕೂತ್ರೆ ಇನ್ನೊಂದು ಬಂದು ಮೇಲೆ ಹತ್ತುತ್ತೆ. ಮೂಲೇಲಿ, ಕತ್ತಲು ಕತ್ತಲಾಗಿರೋ ಕಡೆ, ಜನ ಓಡಾಡದ ಕಡೆ ಎರಡು ಮೂರು ಬುಟ್ಟಿ ಬೇರೆ ಬೇರೆ ಇಡಿ. ತಳಕ್ಕೆ ಬೂದಿ ಬೆರೆಸಿದ ಮರಳು ಎರಡು ಬೆರಳು ದಪ್ಪ, ಅದರ ಮೇಲೆ ಹುಲ್ಲು, ಮಧ್ಯ ಸ್ವಲ್ಪ ಗುಳಿ ಮಾಡಿ. ಗುಳಿ ಇಲ್ಲಾಂದ್ರೆ ಮೊಟ್ಟೆ ಅಂಚಿಗೆ ಉರುಳಿ ತಣ್ಣಗಾಗುತ್ತೆ, ಗುಳಿ ತುಂಬಾ ಆಳ ಆದ್ರೆ ಒಂದರ ಮೇಲೊಂದು ಬಿದ್ದು ಒಡೆಯುತ್ತೆ. ಮುಂದೆ ಒಂದು ಗೋಣಿಚೀಲ ಪರದೆ ತರ ಇಳಿಬಿಟ್ರೆ ಕಾಗೆ ಕಾಟಾನೂ ತಪ್ಪುತ್ತೆ.

ಜವಾರಿ ಕೋಳಿ (ಬಾಗಲಕೋಟಿ)

ಅಕ್ಕಾರ, ಮಂಕರಿ ಮುಚ್ಚಿ ಜುಲ್ಮಿಲೆ ಕುಂದ್ರಸೂದು ಅಂತೀರಲ್ರಿ, ಅದನ್ನ ಮಾಡಬ್ಯಾಡ್ರಿ. ಕಾವಿಗೆ ಬರದ ಕೋಳೀನ ಕತ್ತಲಾಗ ಮುಚ್ಚಿಟ್ರ ಅದು ಹೆದರಿ ಒದ್ದಾಡಿ ತತ್ತಿ ಒಡೀತೈತಿ, ಕೆಲವು ಒಡೆದ ತತ್ತಿ ತಿನ್ನಾಕ ಕಲೀತಾವ, ಒಮ್ಮೆ ಕಲ್ತ್ರ ಆ ಚಟ ಬಿಡಸೂದು ಭಾಳ ಕಷ್ಟ. ಎಳ್ಳು ಹುರದ ಹಾಕಿದ್ರ ಕಾವಿಗೆ ಬರ್ತಾವ ಅನ್ನೂದೂ ನಾ ಒಪ್ಪಾಂಗಿಲ್ರಿ. ಎಳ್ಳು ತಿಂದ್ರ ಮೈ ತುಂಬತೈತಿ, ಅದು ಒಳ್ಳೇದ, ಯಾಕಂದ್ರ ಬಡಕಲ ಕೋಳಿ ಇಪ್ಪತ್ತೊಂದು ದಿನ ಕುಂದ್ರೂದಿಲ್ಲ, ಕುಂತ್ರೂ ಏಳೂದ್ರಾಗ ಹಗುರಾಗಿ ಹೋಗಿರತೈತಿ. ಹಿಂಗಾಗಿ ತತ್ತಿ ಇಡೂ ಟೈಮಿನಾಗ ಜ್ವಾಳ, ಗೋವಿನಜ್ವಾಳ, ಸಜ್ಜಿ, ಸ್ವಲ್ಪ ಶೇಂಗಾ ಹಿಂಡಿ ಕೊಟ್ಟು ಮೈ ಮ್ಯಾಲ ತರ್ರಿ, ಅಷ್ಟ.

ನಿಜವಾಗಿ ಕಾವಿಗೆ ಬಂದ ಕೋಳಿ ಗುರ್ತು ಹಿಡಿಯೂದು ಹೆಂಗಂದ್ರ, ರಾತ್ರಿ ಉಳಿದ ಕೋಳಿ ಎಲ್ಲಾ ಮ್ಯಾಲ ಏರಿ ಮಲಗಿದ್ರ ಇದು ಮಾತ್ರ ಬುಟ್ಟ್ಯಾಗ ಇರತೈತಿ. ಕೈ ಒಯ್ದ್ರ ಪುಕ್ಕ ಎಲ್ಲಾ ಉಬ್ಬಿಸಿ ಗುರ್ ಅಂತ ಕುಕ್ಕಾಕ ಬರತೈತಿ. ಎದಿ ಪುಕ್ಕ ತಾನ ಕಿತ್ತು ಗೂಡಿನಾಗ ಹಾಕ್ಕೊಂಡಿರತೈತಿ, ಎದಿ ಮುಟ್ಟಿದ್ರ ಬರೇ ಚರ್ಮ ಬಿಸಿ ಬಿಸಿ ಹತ್ತತೈತಿ. ದಿನಕ್ಕೊಮ್ಮೆ ಎದ್ದು ಹೊರಗ ಬರತೈತಿ, ಕೊಕ್ ಕೊಕ್ ಕೊಕ್ ಅಂತ ಒಂದ ಸಮನ ಅನಕೋತ ಅವಸರಲೆ ತಿಂದು, ನೀರ ಕುಡದು, ದೊಡ್ಡ ಹಿಕ್ಕಿ ಹಾಕಿ, ಮಣ್ಣಾಗ ಹೊರಳಾಡಿ ವಾಪಸ್ ಓಡತೈತಿ. ಆ ಹಿಕ್ಕಿ ನಾತ ತಡ್ಯಾಕಾಗಾಂಗಿಲ್ಲ, ಅದ ಪಕ್ಕಾ ಗುರ್ತು.

ಇನ್ನೊಂದು ಮಾತು, ಹೇನು. ನಮ್ಮ ಕಡೆ ಎಷ್ಟೋ ಕೋಳಿ ನಡುವ ಕಾವು ಬಿಟ್ಟು ಏಳೂದು ಹೇನಿಂದ. ಒಂದ ಕಡೆ ಕುಂತಲ್ಲೇ ಕುಂತಿರತೈತಲ್ರಿ, ಹೇನಿಗೆ ಹಬ್ಬ. ಬುಟ್ಟಿಗೆ ತತ್ತಿ ಇಡೂಕಿಂತ ಮೊದಲ ಕೋಳಿ ರೆಕ್ಕಿ ಕೆಳಗ, ಬಾಲದ ಬುಡಕ್ಕ ಎತ್ತಿ ನೋಡ್ರಿ, ಬೂದಿ ಹಚ್ರಿ, ಹುಲ್ಲಿನ ಕೆಳಗ ಬೇವಿನ ತಪ್ಪಲ ಹಾಕ್ರಿ, ಹೊರಗ ಹೊರಳಾಡಾಕ ಒಣ ಮಣ್ಣು ಬೂದಿ ಇರಲಿ. ಮರಿ ಆದ ಮ್ಯಾಲ ಆ ಹುಲ್ಲು ಸುಟ್ಟ ಬಿಡ್ರಿ.

ಟೆರೇಸ್ ತೋಟ

ಇಷ್ಟೆಲ್ಲಾ ಯಾಕೆ, ಈಗ ಚಿಕ್ಕ ಇನ್‌ಕ್ಯುಬೇಟರ್ ಬರುತ್ತಲ್ಲ, ಬ್ಯಾಟರಿ ಬ್ಯಾಕಪ್ ಇರೋದು ತಗೊಳ್ಳಿ ಮೇಡಂ. ತಾನೇ ಮೊಟ್ಟೆ ಹೊರಳಿಸುತ್ತೆ, ಕೋಳಿ ಮನಸ್ಸು ಮಾಡ್ಲಿ ಅಂತ ಕಾಯೋ ಹಾಗಿಲ್ಲ.

ಮಲ್ನಾಡ್ ಒಡ್ಡಿ

ಐನೂರು ಮರಿ ಬೇಕು ಅನ್ನೋರಿಗೆ ಅದು ಸರಿ ಸರ್. ಹಿತ್ತಲಿಗೆ ಹತ್ತು ಮರಿ ಸಾಕು ಅನ್ನೋರಿಗೆ ಕೋಳಿಗಿಂತ ಒಳ್ಳೆ ಮಿಷನ್ ಇಲ್ಲ. ಮಿಷನಲ್ಲಿ ಮರಿ ಎದ್ದ ಮೇಲೂ ಬಲ್ಬ್ ಹಾಕಿ ವಾರಗಟ್ಟಲೆ ಬೆಚ್ಚಗಿಡ್ಬೇಕು, ಅಲ್ಲೂ ಕರೆಂಟೇ ಬೇಕು, ಆಮೇಲೆ ಅವಕ್ಕೆ ಗಿಡುಗ ಬಂದ್ರೆ ಅಡಗ್ಬೇಕು ಅಂತ ಹೇಳ್ಕೊಡೋರು ಯಾರು? ತಾಯಿ ಜೊತೆ ಬೆಳೆದ ಮರಿ ಒಂದು ಕೂಗಿಗೆ ಪೊದೆ ಕೆಳಗೆ ಹೋಗಿ ಸುಮ್ಮನೆ ಕೂತ್ಕೊಳುತ್ತೆ.

ಗೂಡಿನ ಡಾಕ್ಟ್ರು

ನಾನು ಪಶುವೈದ್ಯೆ, ಹಳ್ಳಿಗಳಲ್ಲೇ ಕೆಲಸ ಮಾಡೋದು. ಮೇಲೆ ಹೇಳಿರೋದು ಬಹುಪಾಲು ಸರಿ ಇದೆ, ಒಂದೆರಡು ವಿಷ್ಯ ಸೇರಿಸ್ತೀನಿ.

ಕಾವು ಅನ್ನೋದು ಮೈಯೊಳಗಿನ ಹಾರ್ಮೋನ್ ಬದಲಾವಣೆ. ಪ್ರೊಲ್ಯಾಕ್ಟಿನ್ ಅಂತ ಇದೆ, ಅದು ಜಾಸ್ತಿ ಆದಾಗ ಮೊಟ್ಟೆ ಹಾಕೋ ಹಾರ್ಮೋನ್ ತಗ್ಗುತ್ತೆ, ಅಂಡಾಶಯ ಚಿಕ್ಕದಾಗುತ್ತೆ, ಕೋಳಿ ಕೂರುತ್ತೆ. ಎದೆ ಚರ್ಮಕ್ಕೆ ಮೊಟ್ಟೆ ತಾಗ್ತಾ ಇದ್ರೆ ಆ ಹಾರ್ಮೋನ್ ಇಳಿಯದೆ ಹಾಗೇ ಇರುತ್ತೆ, ಮೊಟ್ಟೆ ತೆಗೆದ್ರೆ ಬೇಗ ಇಳಿಯುತ್ತೆ. ಹಾಗಾಗಿ ಒಡ್ಡಿಯವರು ಹೇಳಿದ ಗುರುತಿನ ಮೊಟ್ಟೆ ಉಪಾಯ ಬರೀ ನಂಬಿಕೆ ಅಲ್ಲ, ಅದರ ಹಿಂದೆ ಕಾರಣ ಇದೆ. ಚಳಿ ದೇಶದವರ ವಿಡಿಯೋ ನೋಡಿ ಹಗಲು ಉದ್ದ ಆದ್ರೆ ಮಾತ್ರ ಕಾವಿಗೆ ಬರುತ್ತೆ ಅಂತ ಕಾಯ್ಬೇಡಿ, ನಮ್ಮ ಹಾಸನ ಬೆಂಗಳೂರು ಭಾಗದಲ್ಲಿ ಬೇಸಿಗೆ ಹಗಲಿಗೂ ಡಿಸೆಂಬರ್ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ನಾಟಿ ಕೋಳಿ ವರ್ಷದಲ್ಲಿ ಮೂರು ನಾಲ್ಕು ಸಲ ಕೂರೋದು ಅದಕ್ಕೇ. ವಯಸ್ಸು ಮಾತ್ರ ನೋಡಿ, ಈಗ ತಾನೇ ಮೊಟ್ಟೆ ಶುರು ಮಾಡಿರೋ ಹರೆಯದ ಕೋಳಿ ಕೂರೋದು ಕಮ್ಮಿ, ಕೂತ್ರೂ ನೆಚ್ಚೋಕಾಗಲ್ಲ. ಒಂದು ವರ್ಷ ದಾಟಿದ್ದು, ಮುಂಚೆ ಒಂದ್ಸಲ ಮರಿ ಸಾಕಿದ್ದು ಸಿಕ್ಕಿದ್ರೆ ಅದನ್ನ ಮಾರ್ಬೇಡಿ. ಸಂತೇಲಿ ಕೊಳ್ಳುವಾಗ ದೊಡ್ಡದು ಚಿಕ್ಕದು ಅಂತ ಮಾತ್ರ ನೋಡ್ದೆ ಮರಿ ಮಾಡಿದ್ಯಾ ಅಂತ ಕೇಳಿ ಕೊಳ್ಳಿ. ಅಸೀಲ್ (ಕಾಳಗದ ಕೋಳಿ ಜಾತಿ) ರಕ್ತ ಇರೋ ಹೇಂಟೆ ಸಿಕ್ಕಿದ್ರೂ ಒಳ್ಳೇದು, ಮೊಟ್ಟೆ ಕಮ್ಮಿ ಆದ್ರೆ ಕೂರೋದ್ರಲ್ಲಿ ಮರಿ ಕಾಯೋದ್ರಲ್ಲಿ ಗಟ್ಟಿ.

ಈಗ ಮೊಟ್ಟೆ ವಿಷ್ಯ, ಜನ ಇದನ್ನೇ ಕಡೆಗಣಿಸೋದು. ಕಾವಿಗೆ ಇಡೋ ಮೊಟ್ಟೆ ಒಂದು ವಾರಕ್ಕಿಂತ ಹಳೇದಿರಬಾರದು. ಮೊಟ್ಟೆ ಶೇಖರಿಸೋಕೆ 15ರಿಂದ 18 ಡಿಗ್ರಿ ಒಳ್ಳೇದು ಅಂತಾರೆ, ನಮ್ಮ ಮನೆಗಳಲ್ಲಿ ಅಷ್ಟು ತಂಪು ಎಲ್ಲಿ ಸಿಗುತ್ತೆ, ಆದ್ರೆ ಮಣ್ಣಿನ ಮಡಕೇಲಿ ರಾಗಿ ಹಾಕಿ ಅದ್ರೊಳಗೆ ಚೂಪು ತುದಿ ಕೆಳಗೆ ಮಾಡಿ ತಂಪು ಮೂಲೇಲಿ ಇಟ್ರೆ ಆಗುತ್ತೆ. ಬೇಸಿಗೇಲಿ ಮಾತ್ರ ನಾಲ್ಕೈದು ದಿನಕ್ಕೆ ನಿಲ್ಲಿಸಿ, ಯಾಕಂದ್ರೆ ಸುಮಾರು 21 ಡಿಗ್ರಿ ದಾಟಿದ್ರೆ ಕಾವಿಲ್ಲದೇನೇ ಒಳಗೆ ಬೆಳವಣಿಗೆ ಚೂರು ಚೂರು ಶುರುವಾಗಿ ಆಮೇಲೆ ನಿಂತು ಮರಿ ಸಾಯುತ್ತೆ. ಫ್ರಿಡ್ಜ್ ಬೇಡ. ತೊಳೀಬೇಡಿ, ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಪೊರೆ ಇರುತ್ತೆ, ಅದು ಹೋದ್ರೆ ರೋಗಾಣು ಒಳಗೆ ಹೋಗುತ್ತೆ, ಕೊಳಕಾಗಿರೋದನ್ನ ಅಡುಗೆಗೆ ಬಳಸಿ.

ಹುಂಜ ಒಂದು ಎಂಟು ಹೇಂಟೆಗೆ ಸಾಕು. ಹುಂಜ ಹೊಸದಾಗಿ ತಂದಿದ್ರೆ ಹತ್ತು ದಿನ ಬಿಟ್ಟು ಮೊಟ್ಟೆ ಕೂಡಿಡೋಕೆ ಶುರು ಮಾಡಿ. ಅದು ಎಲ್ಲಾ ಹೇಂಟೇನೂ ಮೆಟ್ಟುತ್ತಾ ನೋಡಿ, ಕೆಲವಕ್ಕೆ ಎರಡು ಮೂರು ಹೇಂಟೆ ಮೇಲೇ ಕಣ್ಣು.

ಹಿತ್ತಲಮನೆ (ಅರಕಲಗೂಡು ಕಡೆ)

ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀವೆಲ್ಲಾ ಹೇಳ್ದಂಗೆ ಮಾಡ್ದೆ, ಬುಟ್ಟಿ ಬೇರೆ ಬೇರೆ ಮಾಡಿ ಗೋಣಿಚೀಲ ಕಟ್ಟಿ ಗುರುತು ಹಾಕಿದ ಮೊಟ್ಟೆ ಇಟ್ಟೆ. ಆದ್ರೆ ಈಗ ಒಂದು ಕರೀ ಹೇಂಟೆ ಬುಟ್ಟಿ ಬಿಟ್ಟು ಹೋಗಿ ಸೌದೆ ರಾಶಿ ಹಿಂದೆ ಕೂತ್ಕೊಂಡಿದೆ, ರಾತ್ರೀನೂ ಅಲ್ಲೇ, ಕೈ ಹಾಕಿದ್ರೆ ಬಾಗಲಕೋಟೆಯವರು ಹೇಳಿದ ಹಾಗೇ ಗುರ್ ಅಂತ ಕುಕ್ಕುತ್ತೆ, ಕೆಳಗೆ ಯಾವತ್ತು ಇಟ್ಟಿದ್ದೋ ಗೊತ್ತಿಲ್ಲ ಒಂದಷ್ಟು ಮೊಟ್ಟೆ ಇದೆ. ಅಲ್ಲಿ ಕೀರದ ಭಯ, ಪಕ್ಕದಲ್ಲೇ ಕೇರೆ ಹಾವೂ ಓಡಾಡುತ್ತೆ. ಗೂಡೊಳಕ್ಕೆ ತರ್ಬೋದಾ? ತಂದ್ರೆ ಎದ್ಬಿಡುತ್ತಾ? ಇನ್ನೊಂದು, ಅದ್ರ ಕೆಳಗೆ ಗಿರಿರಾಜದ ಮೊಟ್ಟೆ ಇಡ್ಬೋದಾ? ಎಷ್ಟು ಇಡ್ಬೇಕು? ಅತ್ತೆ ಬೆಸ ಸಂಖ್ಯೇನೇ ಇಡ್ಬೇಕು, ಅಮಾವಾಸ್ಯೆಗೆ ಮರಿ ಏಳೋ ತರ ಇಡ್ಬಾರ್ದು ಅಂತಾರೆ.

ಕಡಲಕರೆ ಕೋರಿ (ಉಡುಪಿ)

ನಮ್ಮಲ್ಲಿಯೂ ಬೆಸ ಸಂಖ್ಯೆಯೇ ಇಡುವುದು ಮಾರಾಯ್ರೆ, ಹನ್ನೊಂದೋ ಹದಿಮೂರೋ. ಗುಂಡಗೆ ಜೋಡಿಸ್ಲಿಕ್ಕೆ ಸುಲಭ ಅಂತ ನನ್ನ ಅಜ್ಜಿ ಹೇಳ್ತಿದ್ದದ್ದು, ಹಾಗಾಗಿ ಅದನ್ನು ಪಾಲಿಸಿದ್ರೆ ನಷ್ಟ ಏನಿಲ್ಲ. ಗುಡುಗಿಗೆ ಮೊಟ್ಟೆ ಕೆಡ್ತದೆ ಅಂತ ಬುಟ್ಟಿಯ ಹುಲ್ಲಿನಲ್ಲಿ ಒಂದು ಕಬ್ಬಿಣದ ತುಂಡು, ಒಂದು ಮಸಿಕೆಂಡ, ಒಂದು ಒಣಮೆಣಸು ಇಡುವ ಕ್ರಮವೂ ಉಂಟು. ನನಗೆ ಕಂಡ ಮಟ್ಟಿಗೆ ಗುಡುಗಿನ ಮಳೆಗೆ ಗೂಡು ಒದ್ದೆಯಾಗಿ ಮೊಟ್ಟೆ ಹಾಳಾಗುವುದು, ಇಲ್ಲದಿದ್ರೆ ಕೋಳಿ ಹೆದರಿ ಎದ್ದು ತುಂಬ ಹೊತ್ತು ಬಾರದೆ ತಣ್ಣಗಾಗುವುದು. ಕಬ್ಬಿಣ ಇಡಿ, ಬೇಡ ಹೇಳುವುದಿಲ್ಲ, ಆದ್ರೆ ಮೇಲಿನ ಹಂಚು ಸೋರ್ತದಾ ಅಂತ ಮೊದಲು ನೋಡಿ. ನಮ್ಮಲ್ಲಿ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಯಾರೂ ಕಾವು ಕೂರಿಸುವುದೇ ಇಲ್ಲ, ಮರಿ ಎದ್ದರೂ ಶೀತಕ್ಕೆ ಉಳಿಯುವುದಿಲ್ಲ.

ನಾಟಿ ಹೇಂಟೆ ಬಾತುಕೋಳಿ ಮೊಟ್ಟೆಯನ್ನೂ ಮರಿ ಮಾಡ್ತದೆ, ಅದಕ್ಕೆ 28 ದಿನ ಬೇಕು. ಎರಡನ್ನೂ ಒಟ್ಟಿಗೆ ಇಟ್ರೆ ಮಾತ್ರ ಕಷ್ಟ, ಕೋಳಿಮರಿ ಮೊದಲು ಎದ್ದು ತಾಯಿ ಅವನ್ನು ಕಟ್ಟಿಕೊಂಡು ಹೊರಟ್ರೆ ಬಾತಿನ ಮೊಟ್ಟೆ ಅಲ್ಲಿಯೇ ಉಳೀತದೆ.

ಮಲ್ನಾಡ್ ಒಡ್ಡಿ

ಅಕ್ಕ, ಕೀರದ ಭಯ ಇದ್ರೆ ಖಂಡಿತ ತನ್ನಿ, ಆದ್ರೆ ಹಗಲಲ್ಲಿ ಬೇಡ. ಮೊದಲು ಕೂಡೋ ಜಾಗ ರೆಡಿ ಮಾಡ್ಕೊಳ್ಳಿ, ಉಳಿದ ಕೋಳಿ ಬರದ ಕಡೆ, ಬಾಗಿಲು ಹಾಕೋ ತರದ್ದು, ಕೊಟ್ಟಿಗೆ ಮೂಲೆ ಆದ್ರೂ ಆಗುತ್ತೆ. ಬುಟ್ಟೀಲಿ ಗುರುತಿನ ಮೊಟ್ಟೆ ಇಡಿ. ಪೂರ್ತಿ ಕತ್ತಲಾದ ಮೇಲೆ ಟಾರ್ಚ್ ಕಣ್ಣಿಗೆ ಬಿಡದೆ, ಎರಡೂ ಕೈ ಕೆಳಗೆ ಹಾಕಿ ನಿಧಾನ ಎತ್ತಿ, ರೆಕ್ಕೆ ಸಂದೀಲಿ ಮೊಟ್ಟೆ ಸಿಕ್ಕಿರುತ್ತೆ ಹುಷಾರು, ತಂದು ಬುಟ್ಟೀಲಿ ಕೂರ್ಸಿ ಮೇಲೆ ಬಟ್ಟೆ ಮುಚ್ಚಿ. ಬೆಳಿಗ್ಗೆ ಬಟ್ಟೆ ತೆಗೀರಿ ಬಾಗಿಲು ತೆಗೀಬೇಡಿ. ಎರಡು ದಿನ ಅಲ್ಲೇ ಗಟ್ಟಿಯಾಗಿ ಕೂತ್ರೆ ನಂಬಬಹುದು, ಆಮೇಲೆ ಮೂರನೇ ರಾತ್ರಿ ಗುರುತಿನದು ತೆಗೆದು ಮರಿ ಮಾಡ್ಸೋ ಮೊಟ್ಟೆ ಎಲ್ಲಾ ಒಂದೇ ಸಲ ಇಡಿ. ಒಂದೇ ಸಲ ಅನ್ನೋದು ಮುಖ್ಯ, ಇವತ್ತು ನಾಲ್ಕು ನಾಳೆ ನಾಲ್ಕು ಇಟ್ರೆ ಮರೀನೂ ಹಂಗೇ ಹಿಂದೆ ಮುಂದೆ ಏಳ್ತವೆ, ತಡವಾಗಿ ಏಳೋವು ಮೊಟ್ಟೇಲೇ ಉಳ್ಕೊಳ್ತವೆ. ಸೌದೆ ಹಿಂದೆ ಸಿಕ್ಕ ಮೊಟ್ಟೇನ ಲೆಕ್ಕಕ್ಕೆ ತಗೋಬೇಡಿ, ಎಷ್ಟು ದಿನದ್ದೋ ಏನೋ.

ಗಿರಿರಾಜದ್ದು ಇಡ್ಬೋದು, ಮಲ್ನಾಡಲ್ಲಿ ಸುಮಾರು ಜನ ಮಾಡೋದೇ ಹಾಗೆ, ಮೊಟ್ಟೆ ಅದರದ್ದು ಕಾವು ನಾಟಿದು. ಎರಡು ಮಾತು ನೆನಪಿರಲಿ. ಆ ಮೊಟ್ಟೆ ದಪ್ಪ, ನಾಟಿ ಮೊಟ್ಟೆ ಹನ್ನೊಂದು ಇಡೋ ಜಾಗದಲ್ಲಿ ಎಂಟೇ ಇಡಿ, ಎದೆ ಕೆಳಗೆ ಹಿಡಿಸದೆ ಹೊರಗೆ ಇಣುಕೋ ಮೊಟ್ಟೆ ದಿನಾ ಬದಲಾಗುತ್ತೆ, ಇವತ್ತು ಒಂದು ನಾಳೆ ಇನ್ನೊಂದು, ಕೊನೆಗೆ ಎಲ್ಲಾ ತಣ್ಣಗಾಗಿ ಇದ್ದದ್ದೂ ಹೋಗುತ್ತೆ. ಇನ್ನೊಂದು, ನಿಮ್ಮ ಹುಂಜ ನಾಟಿ ಆಗಿರೋದ್ರಿಂದ ಬರೋ ಮರಿ ಮಿಶ್ರ, ಗಿರಿರಾಜದ ತೂಕ ಬರಲ್ಲ. ಹುಂಜ ಗಿರಿರಾಜ ಇದ್ರೂ ಮನೇಲಿ ಆದ ಮರಿ ಒಂದೊಂದು ಒಂದೊಂದು ತರ ಆಗುತ್ತೆ, ಅದು ಹಲವು ಜಾತಿ ಸೇರ್ಸಿ ಮಾಡಿದ್ದು. ಕಾವಿಗೆ ಕೂರೋ ಗುಣ ಮುಂದಿನ ತಲೆಮಾರಿಗೂ ಬೇಕು ಅಂದ್ರೆ ನಾಟಿ ಮೊಟ್ಟೇನೇ ಇಡಿ, ಅದೂ ಆ ಕರೀ ಹೇಂಟೆದೇ ಜಾಸ್ತಿ ಇರಲಿ. ನಾನಾಗಿದ್ರೆ ಪೂರ್ತಿ ನಾಟೀನೇ ಇಡ್ತಿದ್ದೆ.

ಗೂಡಿನ ಡಾಕ್ಟ್ರು

ಅಮಾವಾಸ್ಯೆ ಬಗ್ಗೆ ಅತ್ತೆ ಮನಸ್ಸಿಗೆ ನೋವಾಗದ ಹಾಗೆ ದಿನ ನೋಡಿ ಇಟ್ಕೊಳ್ಳಿ, ಒಂದೆರಡು ದಿನ ಹಿಂದೆ ಮುಂದೆ ಆದ್ರೆ ಏನೂ ತೊಂದ್ರೆ ಇಲ್ಲ, ಮೊಟ್ಟೆ ಮಾತ್ರ ಹಳೇದಾಗೋಕೆ ಬಿಡಬೇಡಿ. ಇಟ್ಟ ದಿನ ಕ್ಯಾಲೆಂಡರಲ್ಲಿ ಬರೆದಿಡಿ.

ಏಳನೇ ರಾತ್ರಿ ಮೊಬೈಲ್ ಟಾರ್ಚಿಗೆ ರಟ್ಟಿನಲ್ಲಿ ಚಿಕ್ಕ ತೂತು ಮಾಡಿ ಮೊಟ್ಟೆ ದಪ್ಪ ತುದಿಗೆ ಹಿಡಿದು ನೋಡಿ. ಮರಿ ಇದ್ರೆ ಕೆಂಪು ನರ ಜೇಡನ ಕಾಲಿನ ತರ ಹರಡಿರುತ್ತೆ, ಏನೂ ಇಲ್ಲದೆ ತಿಳಿಯಾಗಿದ್ರೆ ಗೊಡ್ಡು ಮೊಟ್ಟೆ, ಕೆಂಪು ಉಂಗುರ ಮಾತ್ರ ಕಂಡ್ರೆ ಶುರುವಾಗಿ ಸತ್ತಿದ್ದು. ಅವೆರಡನ್ನೂ ತೆಗೀರಿ, ಇಲ್ಲಾಂದ್ರೆ ಆ ಬಿಸಿಗೆ ಕೊಳೆತು ಒಡೆದ್ರೆ ಪಕ್ಕದ ಒಳ್ಳೆ ಮೊಟ್ಟೇನೂ ಕೆಡಿಸುತ್ತೆ. ಹದಿನೆಂಟನೇ ದಿನದಿಂದ ಮುಟ್ಟೋಕೇ ಹೋಗ್ಬೇಡಿ, ಮಕ್ಕಳಿಗೂ ಹೇಳಿ. ಮರಿ ಚಿಪ್ಪಿಗೆ ತೂತು ಮಾಡಿ ಗಂಟೆಗಟ್ಟಲೆ ಸುಮ್ಮನಿರುತ್ತೆ, ಸುಸ್ತಾಯ್ತೇನೋ ಪಾಪ ಅಂತ ಜನ ಚಿಪ್ಪು ಬಿಡಿಸ್ತಾರೆ, ಆಗ ರಕ್ತ ಬಂದು ಸಾಯುತ್ತೆ. ಅದು ಒಳಗೆ ಉಳಿದ ಹಳದೀನ ಹೊಟ್ಟೆಗೆ ಎಳ್ಕೊಳ್ತಾ ಇರುತ್ತೆ, ಆ ಹಳದಿ ಇರೋದ್ರಿಂದಾನೇ ಮೊದಲ ಒಂದು ದಿನ ಪೂರ್ತಿ ಏನೂ ತಿನ್ನದಿದ್ರೂ ಮರಿಗೆ ಏನೂ ಆಗಲ್ಲ. ಮೊದಲು ಎದ್ದ ಮರಿ ಹಸಿದಿದೆ ಅಂತ ತಾಯಿನ ಎಬ್ಬಿಸ್ಬೇಡಿ.

ಕೂತಿರೋ ದಿನಗಳಲ್ಲಿ ಕೋಳಿ ಹೊರಗೆ ಬರೋದೇ ಇಲ್ಲ ಅನ್ಸಿದ್ರೆ ದಿನಕ್ಕೊಮ್ಮೆ ನಿಧಾನ ಎತ್ತಿ ಹೊರಗೆ ಬಿಡಿ, ಕಾಲು ಗಂಟೆ ಇಪ್ಪತ್ತು ನಿಮಿಷ ಹೊರಗಿದ್ರೆ ಮೊಟ್ಟೆಗೆ ಏನೂ ಆಗಲ್ಲ. ಜೋಳ ರಾಗಿ ಅಂಥ ಕಾಳು ಮತ್ತೆ ನೀರು ಹತ್ತಿರದಲ್ಲೇ ಇರಲಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಾಜೋಲ್ ಅಂತ ಮಣ್ಣಿನ ಕುಂಡ ಬಳಸ್ತಾರೆ, ಅದರ ಅಂಚಿಗೇ ಕಾಳಿಗೊಂದು ನೀರಿಗೊಂದು ಚಿಕ್ಕ ಬಟ್ಟಲು ಸೇರಿಸಿ ಮಾಡಿರ್ತಾರೆ, ಕೋಳಿ ಕೂತಲ್ಲೇ ತಿನ್ನುತ್ತೆ ಕುಡಿಯುತ್ತೆ, ತೂಕ ಅಷ್ಟು ಇಳಿಯಲ್ಲ, ಮರಿ ಆದ ಮೇಲೆ ಬೇಗ ಮೊಟ್ಟೆಗೆ ತಿರುಗುತ್ತೆ. ನಮ್ಮ ಕುಂಬಾರರ ಹತ್ರ ಹೇಳಿ ಮಾಡಿಸ್ಬೋದು, ಯಾರಾದ್ರೂ ಮಾಡಿಸಿದ್ರೆ ಇಲ್ಲಿ ತಿಳಿಸಿ ದಯವಿಟ್ಟು.

ಮತ್ತೆ ಒಂದು ಬೇಡಿಕೆ. ಮೊಟ್ಟೆ ಸಾಲದು ಅಂತ ಬೇರೆ ಹೇಂಟೆಯ ಕಾವು ಬಿಡಿಸೋಕೆ ಮೂಗಿಗೆ ಪುಕ್ಕ ಚುಚ್ಚೋದು, ನೀರಲ್ಲಿ ಮುಳುಗಿಸೋದು ಇನ್ನೂ ಕೆಲವು ಕಡೆ ಇದೆ. ಅದು ಹಿಂಸೆ. ತಳ ಜಾಲರಿ ಇರೋ, ಹೊಟ್ಟೆ ಕೆಳಗೆ ಗಾಳಿ ಆಡೋ ಪಂಜರದಲ್ಲಿ ಬೆಳಕಿರೋ ಕಡೆ ನಾಲ್ಕೈದು ದಿನ ಇಟ್ಟು ಕಾಳು ನೀರು ಕೊಟ್ರೆ ಕಾವು ತಾನೇ ಇಳಿಯುತ್ತೆ.

ಟೆರೇಸ್ ತೋಟ

ಓದ್ತಾ ಓದ್ತಾ ನನಗೂ ಆಸೆ ಆಯ್ತು. ಮೇಡಂ, ಕಾವಿಗೆ ಕೂತ ಕೋಳಿ ಇದೆ ಆದ್ರೆ ಹುಂಜ ಇಲ್ಲ, ಅಂಗಡಿ ಮೊಟ್ಟೆ ಇಟ್ರೆ ಆಗುತ್ತಾ?

ಗೂಡಿನ ಡಾಕ್ಟ್ರು

ಫಾರಂ ಮೊಟ್ಟೆ ಆಗಲ್ಲ, ಅಲ್ಲಿ ಹುಂಜಾನೇ ಇರಲ್ಲ. ಹುಂಜ ಇರೋ ಮನೆಯಿಂದ ನಾಟಿ ಮೊಟ್ಟೆ ತನ್ನಿ, ಪ್ರಯಾಣ ಆದ್ಮೇಲೆ ಒಂದು ದಿನ ಅಲ್ಲಾಡಿಸದೆ ಇಟ್ಟು ಆಮೇಲೆ ಕೂರ್ಸಿ. ಇನ್ನೊಂದು ದಾರಿ, ಕೋಳಿ ಎರಡು ಮೂರು ವಾರ ಹುಸಿ ಮೊಟ್ಟೆ ಮೇಲೆ ಕೂತಿದ್ರೆ ಒಂದು ದಿನದ ಮರಿ ತಂದು ರಾತ್ರಿ ಕತ್ತಲಲ್ಲಿ ಒಂದೊಂದಾಗಿ ರೆಕ್ಕೆ ಕೆಳಗೆ ಸೇರ್ಸಿ, ಹುಸಿ ಮೊಟ್ಟೆ ತೆಗೀರಿ. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ಹತ್ರ ಇದ್ದು ನೋಡಿ, ಕುಕ್ಕಿ ಓಡಿಸಿದ್ರೆ ತಕ್ಷಣ ಮರಿ ಬೇರೆ ಮಾಡಿ. ಮರಿ ಒಂದೆರಡು ದಿನಕ್ಕಿಂತ ದೊಡ್ಡದಾಗಿದ್ರೆ ತಾಯಿನೂ ಒಪ್ಪಲ್ಲ, ಮರೀನೂ ಅದರ ಮಾತು ಕೇಳಲ್ಲ.

ಎಲ್ರಿಗೂ ಹೇಳೋದು, ಮರಿ ಎದ್ದ ಮೇಲೆ ಲಸಿಕೆ ಮರೀಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದ್ರೆ ಊರಿನ ಕೋಳಿ ಎಲ್ಲಾ ಹೋಗುತ್ತೆ. ಐದರಿಂದ ಏಳು ದಿನದ ಒಳಗೆ ಅದರ ಲಸಿಕೆ ಲಸೋಟಾ ಅಥವಾ ಎಫ್-1 ಕಣ್ಣಿಗೆ ಒಂದು ಹನಿ, ಎಂಟು ವಾರ ಆದಾಗ ಆರ್‌2ಬಿ ಇಂಜೆಕ್ಷನ್. ಬಾಟಲಿ ನೂರು ಕೋಳಿಗೆ ಆಗೋದೇ ಚಿಕ್ಕದು, ಕಲಸಿದ ಮೇಲೆ ಒಂದೆರಡು ಗಂಟೇಲಿ ಮುಗಿಸ್ಬೇಕು, ಐಸ್ ಹಾಕಿದ ಫ್ಲಾಸ್ಕಲ್ಲೇ ತರ್ಬೇಕು, ಹಾಗಾಗಿ ಬೀದಿಯವರೆಲ್ಲಾ ಒಂದೇ ದಿನ ಸೇರಿ ಹಾಕ್ಸಿ.

ಜವಾರಿ ಕೋಳಿ (ಬಾಗಲಕೋಟಿ)

ಡಾಕ್ಟರಮ್ಮಾರು ಲಸಿಕಿ ಹೇಳಿದ್ರು, ನಾ ತಿನಸೂದು ಹೇಳತೀನ್ರಿ. ಮರಿಗೆ ಮೊದಲ ದಿನಗಳು ನುಚ್ಚು, ಸಣ್ಣಗ ಒಡದ ಗೋವಿನಜ್ವಾಳ ಸಾಕು ಅಂತಾರ, ಬರೇ ಅದರಾಗ ಪುಕ್ಕ ಸರಿ ಬರಾಂಗಿಲ್ಲ. ಗೆದ್ದಲ ಕೊಡ್ರಿ. ಹಳೇ ಗಡಿಗ್ಯಾಗ ಸಗಣಿ, ಕಸಾ, ಹರಕ ಗೋಣಿಚೀಲ ತುಂಬಿ ನೀರ ಚಿಮುಕಿಸಿ, ಗೆದ್ದಲ ಇರೂ ಜಾಗಾದಾಗ ಸಂಜಿಕೆ ಬೋರಲ ಹಾಕಿ ಬರ್ರಿ, ಮುಂಜಾನೆ ಎತ್ತಿದ್ರ ತುಂಬಿರತಾವ, ಬಿಸಲ ಏರೂದ್ರಾಗ ತಂದ ಕೊಡವಿದ್ರ ಮರಿ ಮುಗಿಬಿದ್ದ ತಿಂತಾವ. ನೀರ ಇಡೂ ತಾಟಿನ್ಯಾಗ ಸಣ್ಣ ಕಲ್ಲ ಹಾಕ್ರಿ, ಇಲ್ಲಂದ್ರ ಮರಿ ಬಿದ್ದ ಮುಳಗತಾವ. ಮರಿ ಹೊಕ್ಕೊಂಡ ತಿನ್ನುವಷ್ಟ ಕಿಂಡಿ ಇರೂ ಬುಟ್ಟಿ ಬೋರಲ ಹಾಕಿ ಅದರಾಗ ಅವುಗಳ ಕಾಳು ಇಟ್ರ ದೊಡ್ಡ ಕೋಳಿ ಬಂದ ತಿಂದ ಹಾಕಾಂಗಿಲ್ಲ.

ಮೊದಲ ಎರಡ ವಾರ ತಾಯಿ ಮರಿ ಎಲ್ಲಾ ಹೊರಗ ಬಿಡೂದಾದ್ರ ನೀವು ಇದ್ದಾಗ ಅಷ್ಟ ಬಿಡ್ರಿ. ನಮ್ಮ ಕಡೆ ಹೆಚ್ಚು ಮರಿ ಒಯ್ಯೂದು ಕಾಗಿ ಮತ್ತ ಗಿಡಗ, ಅದೂ ಮುಂಜಾನೆ ಒಂಬತ್ತರಿಂದ ಹನ್ನೊಂದರ ಒಳಗ.